ಪಗ್ಗುವಿನಿಂದ ಮಾಯಿವರೆಗೆ

ಅಲ್ಲ ನಿಖಿತಾ, ಆಟಿ ತಿಂಗಳು ಹೇಗೆ ಮೊದಲು ಬರ್ತದೆ? ಬಿಸು ಹಬ್ಬಕ್ಕೆ ನಮ್ಮ ವರ್ಷ ಶುರು, ಪಗ್ಗು ತಿಂಗಳೇ ಮೊದಲು... ಏನು, ಅಕ್ಷರದ ಲೆಕ್ಕದಲ್ಲಿ ಜೋಡಿಸಿತಾ? ಹಾಗಾದ್ರೆ ನಿನ್ನ ಲ್ಯಾಪ್‌ಟಾಪಿಗೆ ಜನವರಿ, ಫೆಬ್ರವರಿ ಮಾತ್ರ ಗೊತ್ತಿರುವುದಾ? ನಗಬೇಡ ಮಾರಾಯ್ತಿ. ಡಾಕ್ಟ್ರು ಒಂದು ಗಂಟೆಗೆ ಎದ್ದು ಹೋಗ್ತಾರೆ. ನಿನ್ನ ಅಮ್ಮ ಅಲ್ಲಿ ವಾರ್ಡಿನ ಒಳಗೆ ಮಲಗಿದ್ದಾಳೆ.

ಹೌದು, ತಪ್ಪು ನಿನ್ನ ಈ ಅಪ್ಪಂದೇ. ಹಳೇ ಮದುವೆ ಕಾಗದ ಕತ್ತರಿಸಿ, ಅದರ ಹಿಂದೆ ಅವಳ ಬಿ.ಪಿ. ಬರೆದು ಬಿಸ್ಕಿಟ್ ಡಬ್ಬಕ್ಕೆ ಹಾಕಿದೆ. ತಾರೀಕಿಲ್ಲ, ನಮ್ಮ ತುಳು ತಿಂಗಳ ಹೆಸರು ಮಾತ್ರ. ಸಂಕ್ರಮಣಕ್ಕೊಮ್ಮೆ ನೋಡುವುದು, ತಾರೀಕು ಯಾಕೆ ಅಂತ... ಚೀಟಿ ಎಲ್ಲ ಮಗುಚಿ ಬಿದ್ದು ಹೀಗೆ ಆಗ್ತದೆ ಅಂತ ನಂಗೆ ಕನಸು ಬಿದ್ದಿತ್ತಾ?

ಒಂದು ಮಾತು ಹೇಳ್ಲಾ? ಹೀಗೇ ಪ್ರಿಂಟ್ ತೆಗೆದು ಕೊಡುವ. ಹನ್ನೊಂದು ತಿಂಗಳೂ ಉಂಟಲ್ಲ, ಹಿಂದೆ ಮುಂದೆ ಆದ್ರೆ ಏನು... ಗೊತ್ತುಂಟು, ಗೊತ್ತುಂಟು. ಬಿ.ಪಿ. ಯಾವಾಗಿಂದ ಏರಿದ್ದು, ಕಿಡ್ನಿಗೆ ಪೆಟ್ಟು ಹಳತೋ ಹೊಸತೋ, ಅದು ನೋಡಿಯೇ ಮುಂದಿನ ಮದ್ದು ಅಂದ್ರು. ನಾನೂ ಅಲ್ಲೇ ಇದ್ದೆ.

ತಿಂಗಳ ಪಟ್ಟಿ ನಾವೇ ಕಲಿಸಬೇಕಾ ಅದಕ್ಕೆ? ಆಯ್ತು, ಬರಿ. ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ, ನಿರ್ನಾಲ್... ಮಗುವಿನ ಹತ್ರ ಕೂತ ಸರಸಕ್ಕನಿಗೆ ಒಂದು ಫೋನ್ ಮಾಡುವಾ? ನಿನ್ನ ಮಗು ಎದ್ದಿತೋ ಏನೋ, ಬೆಳುವಾಯಿ ಮನೆಯಿಂದ ನಾವು ಹೊರಟು ಎಷ್ಟು ಹೊತ್ತಾಯ್ತು... ಈಗ ಬೇಡವಾ. ಸರಿ. ಬೊಂತೆಲ್. ಜಾರ್ದೆ. ಪೆರಾರ್ದೆ, ಪುಯಿಂತೆಲ್, ಮಾಯಿ. ಸುಗ್ಗಿ ತಿಂಗಳು ಈಗ ನಡೀತಾ ಉಂಟು, ಅದು ಬೇಡ.

ಒತ್ತಬೇಡ, ನಿಲ್ಲು. ಒಂದು ನಿಮಿಷ ನಿಲ್ಲು ಮಗಾ.

...ಒತ್ತಿದೆಯಾ.

ಬಂತಲ್ಲ ಸಾಲಾಗಿ. ಪಗ್ಗು ನೂರ ಮೂವತ್ತೆಂಟು. ಆಮೇಲೆ ಸ್ವಲ್ಪ ಸ್ವಲ್ಪ ಏರಿದ್ದು. ಸೋಣ ನೂರ ಎಪ್ಪತ್ತೆರಡು, ನಿರ್ನಾಲ್ ನೂರ ಎಂಬತ್ತೆಂಟು. ಮತ್ತೆ ನೂರ ನಲವತ್ತು, ನೂರ ನಲವತ್ತು... ಇಳೀತು ನೋಡು. ಮಾತ್ರೆಗೆ ಇಳೀತು.

ಆ ನೂರ ನಲವತ್ತರ ಮೇಲೆ ಯಾಕೆ ಬೆರಳಿಟ್ಟೆ?

ನಾಲ್ಕು ತಿಂಗಳೂ ಒಂದೇ ಬರಬಾರದು ಅಂತ ಉಂಟಾ? ಮಿಷನ್ ಹಳತು. ಬ್ಯಾಟರಿ... ಆ ಮಾಯಿಯ ಇನ್ನೂರ ಹದಿನಾಲ್ಕು ಇಲ್ಲಿ ಆಸ್ಪತ್ರೆಯಲ್ಲಿ ನೋಡಿದ್ದು, ಅವಳು ಬಚ್ಚಲಲ್ಲಿ ಬಿದ್ದ ದಿನ. ಹಾಗೆ ನೋಡಬೇಡ ನನ್ನನ್ನು. ಬೈದಾದ್ರೂ ಬೈ.

ಮಿಷನ್ ಸರಿ ಇತ್ತು ಮಗಾ.

ಬೊಂತೆಲಿಗೆ ನೀನು ಹೆರಿಗೆಗೆ ಬಂದೆಯಲ್ಲ. ಅದಕ್ಕೆ ಮೊದಲೇ ಡಾಕ್ಟ್ರು ಹೇಳಿದ್ರು, ಇನ್ನು ಏರಿದ್ರೆ ಕಾಂತಿಯಮ್ಮ ಭಾರ ಎತ್ತಬಾರದು, ಮಲಗಿಯೇ ಇರಬೇಕು ಅಂತ. ಅವಳ ತೋಳಿಗೆ ಮಿಷನಿನ ಪಟ್ಟಿ ಕಟ್ಟಿದೆ. ಅವಳಿಗೆ ಕನ್ನಡಕ ಇಲ್ಲದೆ ಕಾಣುದಿಲ್ಲ. "ಎಷ್ಟು, ನನ್ನ ಮಗಳ ಬಾಣಂತನ ನಾನೇ ಮಾಡಬಹುದಲ್ಲ?" ಅಂತ ಕೇಳಿದ್ಳು. ಆ ಮುಖ ನೋಡಿ... ಇಲ್ಲ, ಸುಳ್ಳು. ಮುಖಕ್ಕೆ ಅಲ್ಲ. ಅವಳು ಮಲಗಿದ್ರೆ ಹಂಡೆ ನೀರು ಯಾರು ಎತ್ತುವುದು, ಮಗು ಮೀಯಿಸುವುದು ಯಾರು, ಕೆಲಸಕ್ಕೆ ಇಡ್ಲಿಕ್ಕೆ ಜನ ಎಲ್ಲಿ ಹುಡುಕುವುದು... ಅದು ಬಂತು ನನ್ನ ತಲೆಗೆ. ನೂರ ನಲವತ್ತು ಅಂದುಬಿಟ್ಟೆ, ಚೀಟಿಯಲ್ಲೂ ಅದೇ ಬರೆದೆ. ಹಾಗಾದ್ರೆ ಮಾತ್ರೆ ಇನ್ನು ಬೇಡ ಅಂತ ಅವಳೇ ನಿಲ್ಲಿಸಿದ್ಳು. ಅದಕ್ಕೂ ಬಾಯಿ ತೆರೀಲಿಲ್ಲ. ಒಮ್ಮೆ ಹೇಳಿದ ಮೇಲೆ ಮುಂದಿನ ತಿಂಗಳೂ ಅದೇ ಹೇಳಬೇಕಾಯ್ತು.

ನಿಖಿತಾ. ನೀನು ಅಳಬೇಡ, ನಿನ್ನ ತಪ್ಪಲ್ಲ.

ಆ ನಾಲ್ಕು ಅಳಿಸು. ಖಾಲಿ ಬಿಡಬೇಡ, ನಂಗೆ ನಾಲ್ಕೂ ಬಾಯಿಪಾಠ ಉಂಟು. ಬೊಂತೆಲ್ ನೂರ ತೊಂಬತ್ತೆರಡು. ಜಾರ್ದೆ, ನೀನು ಹೆತ್ತ ವಾರ, ನೂರ ತೊಂಬತ್ತಾರು. ಪೆರಾರ್ದೆ ಇನ್ನೂರ ಒಂದು. ಲ್ಯಾಪ್‌ಟಾಪಿಂದ ಕೈ ತೆಗೀಬೇಡ ಮಗಾ, ಹನ್ನೆರಡೂವರೆ ಕಳೀತು, ಬರಿ. ಪುಯಿಂತೆಲ್ ಇನ್ನೂರ ಎಂಟು. ಆ ದಿನವೂ ನಿಂಗೆ ಮೀಯಲಿಕ್ಕೆ ನೀರು ಎತ್ತಿದ್ದು ಅವಳೇ.