ದಾರ ಕಟ್ಟಿದ ದಾರಿ

ತೇರದಾಳದ ನಿಶಾಂತ ಜಮಖಂಡಿ ನಿಲ್ದಾಣದಲ್ಲಿ ಬಸ್ಸಿಗಾಗಿ ಕಾಯುತ್ತಿದ್ದ. ಅವನ ಕಿವಿ ಮಾತ್ರ ಆಗಲೇ ಪಕ್ಕದ ಬೆಂಚು ಹತ್ತಿ ಕೂತಿತ್ತು. ಅಲ್ಲಿ ಬನಹಟ್ಟಿಯ ನೇಕಾರ ಗೆಳತಿಯರಾದ ಕಾಂಚನಾ ಮತ್ತು ಶೇವಂತಿ ನಕಾಶೆ ಹರವಿಕೊಂಡಿದ್ದರು. ಬನಹಟ್ಟಿಯಿಂದ ಮುಧೋಳದ ಮೇಲೆ ಬೀಳಗಿಯವರೆಗೆ ಇವರೂ ಇವರ ಓಣಿಯವರೂ ಸೇರಿ ಮುಳ್ಳು ಕಡಿದು, ಗಿಡಗಳಿಗೆ ಗುರುತಿನ ದಾರ ಕಟ್ಟಿ, ಕಾಲುದಾರಿ ಮಾಡಿದ್ದರು.

“ಮೂರ ದಿನದ ನಡಿಗಿ, ಶೇವಂತಕ್ಕ! ಹುಟ್ಟಿದಾಗಿಂದ ದಾರ ಹಿಡದೀವಿ, ಈಗರೆ ದಾರಿ ಹಿಡಿಯೂಣು.”

“ನಿಮ್ಮತ್ತಿ ಬಿಡತಾರೇನ? ‘ಸುಮ್ಮನ ನಡ್ಯಾಕ ಕಾಲ ತುರಸ್ತಾವೇನ ನಿನಗ’ ಅಂದಿದ್ರಲ್ಲ?” ಶೇವಂತಿ ಆ ಅತ್ತೆಯ ಮೂಗುದನಿಯನ್ನೇ ತೆಗೆದಳು.

“ಬಿಟ್ರು! ಚಿಮ್ಮಡದ ಹಾದ್ಯಾಗ ಬೇವಿನ ಗಿಡಕ್ಕ ನಾ ಕೆಂಪ ದಾರ ಕಟ್ಟಿದ್ನೆಲ್ಲ? ಯಾರೋ ದೇವಿ ಅಂತ ತಿಳದು ಕುಂಕುಮ ಹಚ್ಯಾರ. ಈಗ ದಿನಾ ಕಾಯಿ ಒಡಿಯಾಕತ್ತಾರ. ‘ದೇವಿ ದರ್ಶನಕ್ಕಾದ್ರ ಹೋಗವಾ’ ಅಂದ್ರು ಅತ್ತಿ.”

“ಅಯ್ಯ, ಗುರುತ ಹೋಗಿ ಗುಡಿ ಆತು! ಖರೆ ಹೇಳಿದಿಲ್ಲೋ?”

“ಬಾಯೇ ಬರಲಿಲ್ಲವಾ.”

“ಆದ್ರ ಚಿಮ್ಮಡ ನಮ್ಮೂರ ಮಗ್ಗಲಕ್ಕ ಐತಿ. ಮುಂಜಾನೆ ಹೋದಾಕಿ ಊಟಕ್ಕ ಮನಿಗೆ ಬರಬೇಕಲ್ಲ? ಬೀಳಗಿ ಮಟಾ ಹೆಂಗ ಹೋಗ್ತಿ?”

ಕಾಂಚನಾಳ ಮುಖ ಬಾಡಿತು. ಅಷ್ಟರಲ್ಲಿ ಬನಹಟ್ಟಿ ಬಸ್ಸು ಬಂದು ಇಬ್ಬರೂ ಎದ್ದರು. ನಿಶಾಂತನಿಗೆ ತನ್ನ ಬಸ್ಸೇ ತಪ್ಪಿದಷ್ಟು ಸಂಕಟವಾಯಿತು. ಮೆಟ್ಟಿಲ ಮೇಲಿದ್ದ ಕಾಂಚನಾ ತಟ್ಟನೆ ತಿರುಗಿದಳು.

“ಅಕ್ಕಾ, ಮನ್ಯಾಗ ಇನ್ನೂ ಒಂದ ಲಡಿ ಕೆಂಪ ದಾರ ಐತಿ! ದೇವಿಗೆ ಮುಧೋಳದಾಗ ಒಬ್ಬಾಕಿ, ಬೀಳಗ್ಯಾಗ ಒಬ್ಬಾಕಿ ತಂಗಿ ಹುಟ್ಟಲಿ ಬಿಡು!”