ಸೊನ್ನೆ ಅಂದರೆ ಎಲ್ಲ ಸರಿ

ಹಲೋ... ಹಾಂ, ಯಾರು ಮಾತಾಡ್ತಿರೋದು? ...

ಓ, ಭಾವಾ, ನೀವಾ! ಅಯ್ಯೋ, ದನಿ ಗುರುತೇ ಸಿಗಲಿಲ್ಲ. ನನ್ನ ಕೆಲಸದಿಂದ ಬಿಡಿಸಿ ಆ ಕುರ್ಚೀಲಿ ನೀವು ಕೂತ ಮೇಲೆ ಫೋನೇ ಇಲ್ಲವಲ್ಲ. ಅಕ್ಕ ಚೆನ್ನಾಗಿದ್ದಾಳಾ? ...

ಓ, ಮನೆಯಿಂದಲ್ವಾ? ಕೋಳಿಮರಿ ಕೇಂದ್ರದ ಫೋನಿಂದಾನಾ? ಏನಾಯ್ತು? ...

ಮೊಟ್ಟೆ ತಟ್ಟೆ ನಿಲ್ತಾನೇ ಇಲ್ವಾ? ಗಂಟೆಗೊಂದು ಸಲ ತಾನೇ ತಿರುಗಬೇಕು? ... ಬೆಳಗ್ಗೆಯಿಂದ ಒಂದೇ ಸಮನೆ! ಪಾಪ, ಒಳಗಿರೋ ಮರಿಗಳಿಗೆ ತಲೆ ಸುತ್ತು ಬಂದಿರತ್ತೆ. ...

ಇಲ್ಲ, ನಗ್ತಿಲ್ಲ. ... ಏನು, ಮೊಟ್ಟೆ ಹಾಳಾದ್ರೆ ನಿಮ್ಮನ್ನೂ ಮನೆಗೆ ಕಳಿಸ್ತೀನಿ ಅಂದ್ರಾ ಯಜಮಾನರು? ...

ತಟ್ಟೆ ತಿರುಗಿಸೋ ನನ್ನ ಹಳೇ ಸಿ ಭಾಷೆ ಪ್ರೋಗ್ರಾಂ ಕೆಟ್ಟಿದೆಯಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅದನ್ನ ಕರೆದು ಕೆಲಸ ಹೇಳೋದು ನಿಮ್ಮ ಹೊಸ ಪೈಥಾನ್ ಪ್ರೋಗ್ರಾಂ ಅಲ್ವಾ? ಅದು ಏನಂತ ಕೇಳತ್ತೆ? ... ಹಾಂ, ‘ತಿರುಗಿಸಿದ್ದಾಯ್ತಾ?’ ಅಂತ. ನಂದು ಏನು ಹೇಳತ್ತೆ? ... ಸೊನ್ನೆ. ...

ಎಡವಟ್ಟು ಅಲ್ಲೇ ಇರೋದು ನೋಡಿ. ನಂದರಲ್ಲಿ ಸೊನ್ನೆ ಅಂದ್ರೆ ತೊಂದರೆ ಏನೂ ಇಲ್ಲ, ಕೆಲಸ ಆಯ್ತು ಅಂತ. ನಿಮ್ಮದು ಸೊನ್ನೆ ಕಂಡ್ರೆ ‘ಆಗಿಲ್ಲ’ ಅಂದ್ಕೊಂಡು ಮತ್ತೆ ತಿರುಗಿಸು ಅನ್ನತ್ತೆ. ನಂದು ಪಾಪ, ತಿರುಗಿಸಿ ಮತ್ತೆ ಸೊನ್ನೆ ಅನ್ನತ್ತೆ. ಇಬ್ಬರೂ ಸತ್ಯವಂತರೇ, ಸಾಯೋದು ಮಾತ್ರ ಮೊಟ್ಟೆ. ...

ಯಾಕೆ ಮೊದಲೇ ಹೇಳಲಿಲ್ಲಾ? ಹೇಳೋಕೆ ಬಂದಾಗ ‘ಇದೆಲ್ಲ ಅಜ್ಜಿ ಕಾಲದ್ದು, ನಾನು ನೋಡ್ಕೊಳ್ತೀನಿ’ ಅಂದೋರು ಯಾರು ಭಾವಾ? ...

ಹೋಗ್ಲಿ ಬಿಡಿ. ಆ ಮೊಟ್ಟೆ ನೆನೆಸ್ಕೊಂಡ್ರೆ ನನಗೇ ಹೊಟ್ಟೆ ಉರಿಯತ್ತೆ. ನಿಮ್ಮ ಪ್ರೋಗ್ರಾಮಲ್ಲಿ ಒಂದೇ ಸಾಲು ತಿದ್ದಿ ಸಾಕು: ‘ಬಂದ ಉತ್ತರ ಸೊನ್ನೆ ಆದ್ರೆ ಕೆಲಸ ಆಯ್ತು ಅಂತ ತಿಳ್ಕೋ’ ಅಂತ. ...

ಇಷ್ಟು ಬೇಗ ಆಯ್ತಾ? ಭೇಷ್. ಎಲ್ಲಿ ತಿದ್ದಿದ್ರಿ? ...

ನಂದರಲ್ಲಾ? ಕೆಲಸ ಆದ್ರೆ ಸೊನ್ನೆ ಬದಲು ‘ಒಂದು’ ಅನ್ನೋ ಹಾಗಾ? ... ಗಣಪತಿ ಮಾಡಿ ಅಂದ್ರೆ ಅವರಪ್ಪನ್ನ ಮಾಡಿದ್ರಲ್ಲ! ನಿಮ್ಮದರಲ್ಲಿ ತಿದ್ದಿ ಅಂದೆ ನಾನು. ...

ಎರಡೂ ಒಂದೇ ಅಲ್ಲ, ಕೇಳಿ ಇಲ್ಲಿ. ಆ ಉತ್ತರಾನ ನಿಮ್ಮ ಪ್ರೋಗ್ರಾಂ ಮಾತ್ರ ಓದೋದಲ್ಲ. ಬೆಂಕಿ ಕಾವಲಿನ ಪ್ರೋಗ್ರಾಮೂ ಓದತ್ತೆ. ಅದಕ್ಕೆ ‘ಒಂದು’ ಅಂದ್ರೆ ಮೋಟಾರಿಗೆ ಬೆಂಕಿ ಹತ್ತಿದೆ ಅಂತ. ತಕ್ಷಣ ಇಡೀ ಕಟ್ಟಡದ ಕರೆಂಟು ಕಿತ್ತುಹಾಕತ್ತೆ. ದೀಪ, ಮೊಟ್ಟೆಗೆ ಕಾವು ಕೊಡೋ ಹೀಟರು, ನಿಮ್ಮ ಕೈಲಿರೋ ಈ ಫೋನು, ಎಲ್ಲಾ. ಜನರೇಟರನ್ನೂ ಶುರುವಾಗೋಕೆ ಬಿಡಲ್ಲ. ...

ಅಜ್ಜಿ ಕಾಲದ ಹೆದರಿಕೆ ಅಂತೀರಾ? ... ಭಾವಾ, ನಿಮ್ಮ ಕಾಲಿಗೆ ಬೀಳ್ತೀನಿ, ಕೀಲಿಮಣೆಯಿಂದ ಕೈ ತೆಗೀರಿ. ಆ ಪ್ರೋಗ್ರಾಂ ಓಡಿಸಬೇಡಿ. ...

ಓಡಿಸಿಯೇಬಿಟ್ರಾ? ... ಒಂದೇ ಸಲ ತಿರುಗಿ ನಿಂತ್ಕೊಳ್ತಾ? ... ಹಾಂ, ಹಾಂ, ನೀವೇ ಗೆದ್ರಿ. ಪರದೆ ಮೇಲೆ ಏನು ಉತ್ತರ ಬಂದಿದೆ, ಅದನ್ನ ಸ್ವಲ್ಪ ಓದಿ...

ಹಲೋ? ...

ಭಾವಾ? ...