ಅಂಟಿನೊಳಗಿನ ಗುಳ್ಳೆ

...ಇಲ್ಲ ಹೋಲ್ಗರ್, ಕದಿಯೋಕೆ ಬಂದಿಲ್ಲ. ದಡಕ್ಕೆ ಎಳೆದಿಟ್ಟ ನಿನ್ನ ದೋಣಿಯಲ್ಲಿ ಕದಿಯೋಕಾದ್ರೂ ಏನಿದೆ? ಏಣಿ ಹತ್ತಬೇಡ, ಮಂಡಿನೋವು ನಿಂಗೆ. ಹತ್ತಿಬಿಟ್ಟೆಯಾ. ಸರಿ, ಕೂತ್ಕೋ.

ಉಳಿ ಯಾಕೆ ಅಂದ್ರೆ... ತಳದ ಬಿರುಕು ನೋಡೋಣ ಅಂತ. ಬಿರುಕು ಮುಂದಿದೆ, ಗೊತ್ತು. ನಾನು ಹಿಂದೆ ಕೂತಿದೀನಿ, ಅದೂ ಗೊತ್ತು. ಯಾಕೆ ನಗ್ತೀಯ?

ಹ್ಞೂಂ, ಆಳ ಅಳೆಯೋ ಸೋನಾರ್ ಬಿಲ್ಲೆ ಕೀಳ್ತಿದ್ದೆ. ಮೇ ತಿಂಗಳಲ್ಲಿ ನಾನೇ ಅಂಟಿಸಿದ್ದು. ತಳ ಕೊರೀಬೇಡ ರೂನಾರ್, ಒಳಗಿಂದಲೇ ಅಂಟಿಸು ಅಂದಿದ್ದೆ ನೀನು. ಅದರಲ್ಲಿ ತಪ್ಪಿಲ್ಲ, ಎಲ್ಲರೂ ಹಾಗೇ ಮಾಡ್ತಾರೆ. ಬಿಲ್ಲೆಯಿಂದ ಶಬ್ದ ಹೊರಡುತ್ತೆ, ಅಂಟು ದಾಟಿ, ದೋಣಿಯ ಫೈಬರ್ ತಳ ದಾಟಿ ನೀರಿಗಿಳಿಯುತ್ತೆ, ಸಮುದ್ರದ ತಳ ಮುಟ್ಟಿ ವಾಪಸ್ ಬರುತ್ತೆ. ಎಷ್ಟು ಹೊತ್ತಿಗೆ ಬಂತು ಅನ್ನೋದರ ಮೇಲೆ ಆಳದ ಲೆಕ್ಕ. ನಡುವೆ ಗಾಳಿ ಮಾತ್ರ ಇರಬಾರದು. ಗಾಳಿ ಸಿಕ್ಕಿದ್ರೆ ಶಬ್ದ ಅಲ್ಲೇ ಸತ್ತುಹೋಗುತ್ತೆ... ನಿಂಗೆ ಗೊತ್ತಿರೋದನ್ನೇ ಹೇಳ್ತಿದೀನಿ, ಅಲ್ವಾ.

ಅವತ್ತು ಶನಿವಾರ. ನಿನ್ನ ಹೆಂಡತಿ ಸೌನಾದ ಹಬೆಕೋಣೆ ಕಾಯಿಸಿದ್ದಳು. ನೀನು ದಡದಿಂದ ಕೂಗ್ತಿದ್ದೆ, ಕಲ್ಲು ಕಾದಿದೆ, ಬಿಯರ್ ತಣ್ಣಗಿದೆ, ಬಾರೋ ಅಂತ. ಅಂಟನ್ನ ನಿಧಾನಕ್ಕೆ ಕಲಸಬೇಕು, ಗುಳ್ಳೆಯೆಲ್ಲ ಮೇಲೆ ಬರೋವರೆಗೆ ಕಾಯಬೇಕು. ನಾನು ಗರಗರ ಕಲಸಿ ಸುರಿದೆ. ಬಿಲ್ಲೆ ಒತ್ತಿದೆ. ಬಂದು ನಿನ್ನ ಪಕ್ಕ ಬೆವರ್ತಾ ಕೂತೆ.

ತಗೋ, ನೋಡು. ಬೆಳಕಿಗೆ ಹಿಡಿ. ಮಧ್ಯದಲ್ಲಿ, ನಾಣ್ಯದಷ್ಟು ಅಗಲಕ್ಕೆ... ಅದೇ. ಗುಳ್ಳೆ.

ಆಗಸ್ಟ್‌ನಲ್ಲಿ ದೋಣಿ ಬಂಡೆಗೆ ಬಡೀತಲ್ಲ, ಅವತ್ತು ಚುಕ್ಕಾಣಿ ಹಿಡಿದಿದ್ದ ನಿನ್ನ ಮಗಳು ಡಿಸಾ ಹೇಳಿದ್ದು ನಿಜ. ಯಂತ್ರ ಹದಿನಾಲ್ಕು ಮೀಟರ್ ಆಳ ತೋರಿಸ್ತಿತ್ತು. ನೀನು ಜೆಟ್ಟಿಯಲ್ಲಿದ್ದ ದೋಣಿಯವರೆಲ್ಲರ ಮುಂದೆ ಅವಳಿಗೆ ಕುರುಡಿ ಅಂದೆ. ಚುಕ್ಕಾಣಿ ಮುಟ್ಟಬೇಡ ಅಂದೆ. ಅಲ್ಲೇ ನಿಂತಿದ್ದೆ ನಾನು. ಹಗ್ಗ ಸುತ್ತುತ್ತಾ ನಿಂತಿದ್ದೆ.

ನಾವಿಕ ಶಾಲೆಗೆ ಹೋಗಲ್ಲ ಅಂತ ಬರೆದು ಕಳಿಸ್ತಾಳಂತೆ. ಬೆಳಗ್ಗೆ ಅಂಗಡಿಯಲ್ಲಿ ಕೇಳಿದೆ. ಅದಕ್ಕೇ ಬಂದೆ... ಸುಳ್ಳು. ನಾಳೆ ರಿಪೇರಿಯವನು ಬರ್ತಾನಲ್ಲ, ಅವನು ನೋಡೋದಕ್ಕೆ ಮುಂಚೆ ಕಿತ್ತು ಹೊಸದು ಹಾಕೋಣ ಅಂತ ಬಂದೆ.

ಯಾಕೆ ಹಾಗೆ ನೋಡ್ತೀಯ? ಗೊತ್ತಿದ್ದೂ ಬಿಡ್ತಿದ್ನಾ ನಾನು? ಅಂಟಿನೊಳಗೆ ಏನಿದೆ ಅಂತ ಮೇಲಿಂದ ಕಾಣುತ್ತಾ? ಕಾಣಲ್ಲ. ಬೇಕಾದ್ರೆ ಯಾರನ್ನಾದ್ರೂ ಕೇಳು...

ಬೈದುಬಿಡು ಮಾರಾಯ.

ಡಿಸಾ ಹೇಳಿರಬೇಕಲ್ಲ ನಿಂಗೆ. ಜೂನ್ ತಿಂಗಳದ್ದು... ಹೇಳಿಲ್ವಾ? ಒಂದು ಮಾತೂ?

ನನ್ನ ಹತ್ರ ಬಂದಿದ್ಲು ಕಣೋ. ಸೈಕಲ್ ಬೇಲಿಗೆ ಒರಗಿಸಿ, ರೂನಾರ್ ಮಾಮ, ದೋಣಿ ಮುಂದೆ ಹೋದ್ರೂ ಆಳದ ಅಂಕಿ ಅಲ್ಲೇ ನಿಂತುಬಿಡುತ್ತೆ, ಒಂದ್ಸಲ ಬಂದು ನೋಡ್ತೀರಾ ಅಂದ್ಲು. ಹಿಂದಿನ ವಾರ ಇದೇ ದೋಣಿಯಲ್ಲಿ ಮೀನಿಗೆ ಹೋದಾಗ ನಾನೂ ನೋಡಿದ್ದೆ, ನಿಂತಿತ್ತು. ಆದರೂ ನಕ್ಕೆ. ಯಂತ್ರ ಸರಿಯಾಗಿದೆ ಮಗೂ, ನಿಂಗೇ ಇನ್ನೂ ಓದೋಕೆ ಬರಲ್ಲ ಅಂದೆ.

ಅದನ್ನೇ ನಂಬಿಕೊಂಡು ಕೂತಿದಾಳೆ, ಅಲ್ವಾ ಹೋಲ್ಗರ್?